ನಾಯಿಗೆಂದು ತಂದ ಕೋಳಿಕಾಲು

"ಕೋಳಿ ಕಾಲು, ಕತ್ತು ಇದ್ರೆ ಕೊಡಿ. ನಾಯಿಗೆ."

ಆ ಸುಳ್ಳು ಭಾನುಪ್ರಿಯಳ ಬಾಯಿಂದ ತಾನಾಗಿ ಜಾರಿತು. ಬಿಡದಿಯ ಆ ಚಿಕನ್ ಅಂಗಡಿಯ ಮುಂದೆ ಶಿಫ್ಟ್ ಮುಗಿಸಿ ಬಂದವರ ಗುಂಪು. ಎಲ್ಲರಿಗೂ ತೊಡೆಯ ಲೆಗ್ ಪೀಸೇ ಬೇಕು; ಉಗುರಿನ ಕಾಲು, ಕತ್ತು ಯಾರಿಗೂ ಬೇಡ. ಫ್ಯಾಕ್ಟರಿಗೆ ಜಮೀನು ಕೊಟ್ಟ ಮರಿಯಪ್ಪನ ಮಗಳು ಕೋಳಿಕಾಲು ಬೇಯಿಸುತ್ತಾಳೆಂದರೆ ಊರು ಸುಮ್ಮನಿರುತ್ತದೆಯೇ? ಪರಿಹಾರದ ಹಣ ಅಕ್ಕನ ಮದುವೆಯಲ್ಲಿ ಕರಗಿದ್ದು, ತನ್ನ ಕಾಂಟ್ರ್ಯಾಕ್ಟ್ ಕೆಲಸ ಹೋಗಿದ್ದು ಯಾರಿಗೂ ಗೊತ್ತಿರಲಿಲ್ಲ.

ಅಂಗಡಿಯ ಅನಂತರಾಜು ತಲೆಯೆತ್ತಿದ. "ನಾಯಿ ಹೆಸರೇನು?"

ಗಾಬರಿಯಲ್ಲಿ ಅವಳ ಕಣ್ಣು ಅವನ ತಲೆಯ ಮೇಲಿನ ಬೋರ್ಡಿಗೆ ಹೋಯಿತು. "ರಾಜು."

"ನನ್ ಹೆಸ್ರನ್ನೇ ಇಟ್ಟಿದ್ದೀರಲ್ಲ," ಎಂದು ಅವನು ನಕ್ಕ. ಅವಳ ಕಿವಿ ಬಿಸಿಯಾಯಿತು.

ಅಂದಿನಿಂದ ಹೋದಾಗಲೆಲ್ಲ ಅದೇ ಮಾತು.

"ರಾಜು ಸರಿಯಾಗಿ ಉಣ್ತಾನಾ?"

"ಒಸಿ ಹಠ. ನಾನು ಹಾಕಿದ್ರೇನೇ ತಿನ್ನೋದು."

"ಪುಣ್ಯ ಮಾಡವ್ನೆ ಬುಡಿ."

ಊರಿಗೆಲ್ಲ ಅವನು ಅಣ್ಣ. ಅವಳು ಮಾತ್ರ ಒಮ್ಮೆಯೂ ಹಾಗೆ ಕರೆಯಲಿಲ್ಲ.

ಮನೆಯಲ್ಲಿ ಬಾಗಿಲು ಹಾಕಿಕೊಂಡು ಕಾಲುಗಳನ್ನು ಕುದಿಯುವ ನೀರಿಗೆ ಅದ್ದಿ, ಹಳದಿ ತೊಗಲು ಸುಲಿದು, ಉಗುರು ಕತ್ತರಿಸುತ್ತಿದ್ದಳು. ಮೆಣಸು, ಶುಂಠಿ, ಬೆಳ್ಳುಳ್ಳಿ ಹಾಕಿ ಬೆರಳಿಗೆ ಅಂಟುವಷ್ಟು ಹೊತ್ತು ಕುದಿಸಿದರೆ ಅಪ್ಪನ ಮಂಡಿನೋವಿಗೆ ಸೂಪು. ಕತ್ತಿನ ತುಂಡುಗಳಿಗೆ ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಅರೆದು ಹಾಕಿ, ನೀರು ಇಂಗುವವರೆಗೆ ಹುರಿದರೆ ಊಟಕ್ಕೆ ಬೇರೇನೂ ಬೇಡ.

ಒಂದು ದಿನ ಆ ಕತ್ತಿನ ಪಲ್ಯ ತಿಂದ ಮರಿಯಪ್ಪನಿಗೆ ವಾಂತಿ ಶುರುವಾಯಿತು. ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಿಸಬೇಕಾಯಿತು. ಮನೆಗೆ ಕರೆತಂದ ಮೇಲೂ ಭಾನು ಅಂಗಡಿಯ ಕಡೆ ತಲೆ ಹಾಕಲಿಲ್ಲ.

ಕೊನೆಗೆ ಅನಂತರಾಜುವೇ ಒಂದು ಪೊಟ್ಟಣ ಹಿಡಿದು ಬಾಗಿಲಿಗೆ ಬಂದ. "ನಾಯಿಗೆ ಹುಷಾರಿಲ್ವೇನೋ ಅನ್ಕಂಡೆ."

ಮಂಚದಿಂದ ಮರಿಯಪ್ಪ ಕೇಳಿದರು, "ನಾಯಾ? ನಮ್ಮನೇಲಿ ಎಲ್ಲೈತಪ್ಪ ನಾಯಿ?"

ಅನಂತರಾಜು ಅವಳ ಮುಖ ನೋಡಿದ. ಮಂಚದ ಪಕ್ಕದ ಔಷಧಿ ಬಾಟಲಿಗಳನ್ನು ನೋಡಿದ. ನಗು ಆರಿಹೋಯಿತು. ಅವಳು ಅವನನ್ನು ಅಂಗಳಕ್ಕೆ ಕರೆತಂದಳು.

"ನೀವು ತಿಂತಿದ್ರಾ?"

ಅವಳು ಹೌದೆಂದು ತಲೆಯಾಡಿಸಿದಳು.

"ಹಿಂದಿನ ದಿನ ಉಳಿದಿದ್ನೂ ಸೇರಿಸ್ತಿದ್ದೆ. ನಾಯಿಗೆ ತಾನೆ ಅಂತ." ಅವನು ಪೊಟ್ಟಣವನ್ನು ಜಗಲಿಯ ಮೇಲಿಟ್ಟ. "ನಿಮ್ಮಪ್ಪನಿಗೇನಾದ್ರೂ ಆಗಿದ್ರೆ?"

"ಸುಳ್ಳು ಹೇಳಿದ್ದು ನಾನು."

"ಯಾಕೆ ಹೇಳಿದ್ರಿ? ಕೇಳಿದ್ರೆ ಕೊಡ್ತಿರ್ಲಿಲ್ವಾ?"

"ಮೊದಲು ಊರಿಗೆ ಹೆದರಿ ಹೇಳ್ದೆ. ಆಮೇಲೆ..." ಅವಳು ಸೆರಗಿನ ತುದಿ ಹಿಂಡಿದಳು. "ನಿಮ್ ಮುಂದೆ ಸಣ್ಣೋಳಾಗಕ್ಕೆ ಮನಸ್ಸು ಬರ್ಲಿಲ್ಲ."

"ಯಾರೂ ಕೊಳ್ಳದ್ದೇ ನಮ್ಮನೇಲೂ ಬೇಯೋದು. ಲಿವರ್‌ಗೆ ಮೆಂತ್ಯ ಸೊಪ್ಪು ಹಾಕಿ ನಮ್ಮವ್ವ ಮಾಡಿದ್ರೆ ನಾನು ತಟ್ಟೆ ನೆಕ್ಕಂಡ್ ಉಣ್ತೀನಿ. ಅದ್ರಲ್ಲಿ ಸಣ್ಣತನ ಏನೈತೆ?" ಎಂದವನು ನಾಯಿಗೆಂದು ತಂದಿದ್ದ ಆ ಹಳೆಯ ಮಾಂಸದ ಪೊಟ್ಟಣ ಎತ್ತಿಕೊಂಡು ಹೊರಟೇಹೋದ. ತಿರುಗಿ ಕೂಡ ನೋಡಲಿಲ್ಲ.

ಎಲ್ಲ ಮುಗಿಯಿತೆಂದುಕೊಂಡಳು ಭಾನು. ಆದರೂ ಭಾನುವಾರ ಬೆಳಿಗ್ಗೆ ಎದ್ದು, ತಲೆ ಬಾಚಿಕೊಂಡು ಅಂಗಡಿಗೆ ನಡೆದಳು. ಅಲ್ಲಿ ಕಾಲಿಡಲು ಜಾಗವಿರಲಿಲ್ಲ.

"ಕಾಲು, ಕತ್ತು ಕೊಡಿ," ಎಂದಳು.

"ನಾಯಿಗೇನವ್ವ?" ಎಂದರು ಪಕ್ಕದ ಬೀದಿಯ ಹನುಮಂತಮ್ಮ.

"ಇಲ್ಲ ಕಣತ್ತೆ. ನಮ್ಗೆ."

ಗುಂಪಿನ ತಲೆಗಳೆಲ್ಲ ಅವಳ ಕಡೆ ತಿರುಗಿದವು. ಅನಂತರಾಜು ಆಗಷ್ಟೇ ಕೊಯ್ದ ಕೋಳಿಯ ಕಾಲು ಕತ್ತರಿಸಿ, ಎರಡು ಸಲ ತೊಳೆದ. ಅವನ ಕಣ್ಣುಗಳು ಕೆಂಪಗಿದ್ದವು. ನಿದ್ದೆಗೆಟ್ಟವನಂತೆ ಕಂಡ.

"ಚೆನ್ನಾಗಿ ಮಾಡ್ತೀರಾ?" ಎಂದು ಮೆಲ್ಲಗೆ ಕೇಳಿದ.

"ಬಂದು ಉಂಡು ನೋಡಿ." ಅವಳು ಮೊದಲ ಸಲ ಅವನ ಕಣ್ಣು ತಪ್ಪಿಸಲಿಲ್ಲ. "ಅಪ್ಪ ಇವತ್ತು ಎದ್ದು ಕೂತವ್ರೆ. ಅವ್ರನ್ನ ಏನಾದ್ರೂ ಕೇಳೋದಿದ್ರೆ ಕೇಳ್ಬೋದು."

ಅನಂತರಾಜು ಕತ್ತಿ ಕೆಳಗಿಟ್ಟು, ಕೈ ಒರೆಸಿಕೊಂಡ.

"ಸಂಜೆ ಅವ್ವನ್ನೂ ಕರ್ಕಂಡ್ ಬತ್ತೀನಿ," ಎಂದ.