ಕಾಲ್ಬೆರಳಿಗೆ ಕಟ್ಟಿದ ಕರಿ ನೂಲು

"ಈ ಫೋಟೋ ತೆಗೆದೋರು ಯಾರು?"

ಶಾಂತಮಲ್ಲಮ್ಮ ಬೆಚ್ಚಿ ತಲೆಯೆತ್ತಿದಳು.

ಚಾಮರಾಜನಗರದ ಅಂಗಡಿ ಬೀದಿಯಲ್ಲಿ ಹೊಸದಾಗಿ ತೆರೆದಿದ್ದ ಸ್ಟುಡಿಯೋ ಅದು. ಮಾಲೀಕ ಶಿವರುದ್ರಸ್ವಾಮಿ, ಗುಂಡ್ಲುಪೇಟೆ ಕಡೆಯ ಹುಡುಗ. "ಅಲ್ಲಾಡಬೇಡಿ... ಕ್ಯಾಮೆರಾ ಕಡೆ ನೋಡಿ" ಎಂದು ದಿನವಿಡೀ ಎಲ್ಲರಿಗೂ ಹೇಳುವವನು ಈಗ ತಾನೇ ಅಲ್ಲಾಡದೆ ನಿಂತುಬಿಟ್ಟಿದ್ದ!

ಅವಳ ಸೋದರಮಾವ ತೊಳೆಯಲು ಕೊಟ್ಟಿದ್ದ ರೀಲಿನಲ್ಲಿ ಬಂದ ಅವಳದೇ ಚಿತ್ರ ಅವನ ಕೈಯಲ್ಲಿತ್ತು. ತೊಟ್ಟಿಮನೆಯ ನಡುವಿನ ಬೆಳಕು ಒಂದು ಕೆನ್ನೆಯ ಮೇಲೆ ಬಿದ್ದಿದೆ. ಹಳೇ ಇಳಕಲ್ ಸೀರೆ, ಜಗಲಿಯ ಅಂಚಿನಲ್ಲಿ ಕುಳಿತ ಭಂಗಿ. ಆ ಕಣ್ಣುಗಳು... ಎದುರಿಗಿದ್ದವರನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುವ ಕಣ್ಣುಗಳು.

"ಹೊರಗೆ ಮಾವ ಅವ್ರೆ," ಅವಳು ಪಿಸುಗುಟ್ಟಿದಳು. "ಅವ್ರಿಗೆ ಇದನ್ನ ತೋರಿಸ್ಬೇಡಿ... ದಮ್ಮಯ್ಯ!"

"ತೆಗೆದೋರು ಯಾರು ಅಂದೆ. ನನಗೂ ಇಂಥ ಬೆಳಕು ಹಿಡಿಯೋಕೆ ಬರಲ್ಲ."

ತಾನೇ ಎಂದು ಹೇಳಲು ಅವಳಿಗೆ ನಾಚಿಕೆ. ಹೆಣ್ಣುಮಗಳು ತನ್ನ ಫೋಟೋ ತಾನೇ ತೆಗೆದುಕೊಂಡಳು ಎಂದರೆ ನಗುವುದಿಲ್ಲವೇ? ಕೆನ್ನೆ ಕೆಂಪಾಯಿತು. "ಅದೆಲ್ಲ ನಿಮಗ್ಯಾಕೆ?" ಎಂದು ಚಿತ್ರ ಕಿತ್ತುಕೊಂಡು ಸೆರಗಿನಲ್ಲಿ ಮುಚ್ಚಿಕೊಂಡಳು.

ಆ ನಾಚಿಕೆಯನ್ನು ಶಿವರುದ್ರಸ್ವಾಮಿ ಬೇರೆಯೇ ರೀತಿ ಓದಿಕೊಂಡ. 'ಯಾರೋ ಇದ್ದಾನೆ. ಪುಣ್ಯವಂತ!' ಅವನಿಗೇಕೆ ಸಂಕಟವಾಗಬೇಕು? ಆದರೂ ಆಯಿತು.

ಹಂಗಳದ ಶಾಂತಮಲ್ಲಮ್ಮನಿಗೆ ಅಪ್ಪ ಅವ್ವ ಇಲ್ಲ. ಸಾಕಿದವರು ಅಜ್ಜಿ ಕರಿಬಸಮ್ಮ ಮತ್ತು ಸೋದರಮಾವ ಪುಟ್ಟಬಸಪ್ಪ. ಮಾವನಿಗೆ ಬಂಡೀಪುರದಲ್ಲಿ ಅರಣ್ಯ ಇಲಾಖೆ ಕೆಲಸ. ಬೇಟೆಗೆ ಬಂದಿದ್ದ ದೊರೆಯೊಬ್ಬ ಕೊಟ್ಟುಹೋದ ಡಬ್ಬಿ ಕ್ಯಾಮೆರಾ ಅವನ ಹೆಮ್ಮೆ. ಆನೆ, ಕಾಟಿ, ಸಾಹೇಬರು ಎಲ್ಲ ತೆಗೆದು ರೀಲಿನಲ್ಲಿ ಉಳಿದಿದ್ದ ಕೊನೆಯ ಒಂದೇ ಒಂದು ಚಿತ್ರವನ್ನು ಅವಳು ಕದ್ದಿದ್ದಳು. ಫೋಟೋ ತೆಗೆಸಿದರೆ ಆಯಸ್ಸು ಕಮ್ಮಿಯಾಗುತ್ತದೆ ಎಂದು ನಂಬಿದ್ದ ಅಜ್ಜಿ ಪಕ್ಕದ ಮನೆಗೆ ಹೋಗಿದ್ದ ಹೊತ್ತಿನಲ್ಲಿ!

ಇದು ಯಾವುದೂ ತಿಳಿಯದ ಮಾವನಿಗೆ ಮಾತ್ರ ಸ್ಟುಡಿಯೋ ಹುಡುಗ ಬಹಳ ಹಿಡಿಸಿಬಿಟ್ಟ. ನಮ್ಮವರೇ, ಮನೆತನವೂ ಗೊತ್ತಿದ್ದದ್ದೇ. ವಾರ ಕಳೆಯುವುದರೊಳಗೆ ಹೆಣ್ಣು ಕೊಡುವ ಮಾತೆತ್ತಿದ.

"ಬೇಡ," ಅಂದ ಶಿವರುದ್ರಸ್ವಾಮಿ. ಆ ಒಂದು ಮಾತು ಹೇಳಲು ಅವನು ಪಟ್ಟ ಪಾಡು ಅವನಿಗೇ ಗೊತ್ತು. "ಆಕೆ ಮನಸ್ಸು ಬೇರೆ ಕಡೆ ಅದೆ. ಬಲವಂತ ಮಾಡ್ಬೇಡಿ."

ಒಳ್ಳೆಯದಾಗಲಿ ಎಂದೇ ಆಡಿದ ಮಾತು. ಆದರೆ ಪುಟ್ಟಬಸಪ್ಪನಿಗೆ ನೆತ್ತಿಗೇರಿತು.

"ನನ್ನ ಸೊಸೆ ಮ್ಯಾಲೆ ಮಾತಾ? ನಡಿ ಹಂಗಳಕ್ಕೆ! ಅವಳ ಮುಂದೆ ನಿಂತ್ಕೊಂಡು ಹೇಳು."

ಮೊದಲನೇ ಬಸ್ಸಿಗೇ ಅವನನ್ನು ಹತ್ತಿಸಿಕೊಂಡು ಬಂದ. ದಾರಿಯಲ್ಲೇ ಫೋಟೋ ವಿಷಯ ಬಾಯಿ ಬಿಡಿಸಿದ.

ತೊಟ್ಟಿಯ ಬಿಸಿಲಿನಲ್ಲಿ, ಅವಳು ಬಚ್ಚಿಟ್ಟಿದ್ದ ಫೋಟೋ ಹೊರಗೆ ಬಂತು. ಅಜ್ಜಿ ಎದೆ ಬಡಿದುಕೊಂಡಳು.

"ಅಯ್ಯೋ ಕೂಸೇ, ಯಾರ್ ಮುಂದೆ ಇಂಗೆ ಕುಂತಿದ್ಯೇ? ಮನೆ ಮಾನ ಕಳ್ದುಬುಟ್ಟಲ್ಲ!"

"ಯೋಳ್ಬುಡು ಶಾಂತ, ಯಾರವನು?" ಮಾವ ಗದರಿದ. "ಇಲ್ಲಾಂದ್ರೆ ಪುಣಜನೂರಿನ ಆ ಎರಡನೇ ಸಂಬಂಧಕ್ಕೆ ಇವತ್ತೇ ಊಂ ಅಂತೀನಿ."

ಹೆಂಡತಿ ಸತ್ತ, ನಲವತ್ತು ದಾಟಿದ ಮನುಷ್ಯ ಅವನು.  ಕಂಬಕ್ಕೊರಗಿ ತಲೆ ತಗ್ಗಿಸಿದ್ದ ಶಿವರುದ್ರಸ್ವಾಮಿಯನ್ನು ಶಾಂತಮಲ್ಲಮ್ಮ ಒಮ್ಮೆ ನೋಡಿದಳು. 'ನೀವೂ ನಂಬಿಬಿಟ್ಟಿರಾ?' ಕಣ್ಣು ತುಂಬಿತು. ಆಮೇಲೆ ಸಿಟ್ಟು ಬಂತು. ಸಿಟ್ಟೇ ಅವಳನ್ನು ಕಾಪಾಡಿತು!

"ಯಾರೂ ಇರ್ಲಿಲ್ಲ. ತೆಗೆದೋಳು ನಾನೇ!"

"ಸುಳ್ಳು! ಕುಂತೋಳೂ ನೀನೇ, ತೆಗೆದೋಳೂ ನೀನೇನಾ?"

 ಅವಳು ಒಳಗಿನಿಂದ ಕ್ಯಾಮೆರಾ ತಂದಳು. ಒರಳುಕಲ್ಲಿನ ಮೇಲೆ ಮಣೆ, ಮಣೆಯ ಮೇಲೆ ಕ್ಯಾಮೆರಾ. ಅದರ ಪಕ್ಕದಲ್ಲಿ ಚಿತ್ರ ತೆಗೆಯಲು ಒತ್ತುವ ಮೀಟುಗೋಲಿಗೆ ಕರಿ ನೂಲು ಕಟ್ಟಿದಳು. ನೂಲನ್ನು ಕರು ಕಟ್ಟುವ ಗೂಟದ ಬುಡದಲ್ಲಿ ಹಾಯಿಸಿ, ಜಗಲಿಯಲ್ಲಿ ಕುಳಿತು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡಳು. ಬೆರಳನ್ನು ಮೆಲ್ಲಗೆ ಮಡಚಿದಳು.

ಕ್ಲಿಕ್!

 ಶಿವರುದ್ರಸ್ವಾಮಿ ಬೆರಗಾಗಿ ಮೊದಲು ಗೂಟವನ್ನು ನೋಡಿದ, ನೂಲನ್ನು ನೋಡಿದ, ಕೊನೆಗೆ ಅವಳನ್ನು.

"ಆದ್ರೆ ಫೋಟೋದಲ್ಲಿ ನೂಲೇ ಕಾಣಿಸಲ್ವಲ್ಲ?" ಮಾವನ ಅನುಮಾನ ಇನ್ನೂ ಸತ್ತಿರಲಿಲ್ಲ.

"ಅದೇ ನಂಗೂ ಗೊತ್ತಾಗ್ತಿಲ್ಲ ಮಾವ..." ಅವಳ ದನಿ ಉಡುಗಿತು. "ಕಾಲ್ತಾವ ಒಂದು ಗೆರೆ ಬರ್ಬೇಕಿತ್ತು. ಎಲ್ಲೋಯ್ತೋ!"

ಶಿವರುದ್ರಸ್ವಾಮಿ ಕಂಬ ಬಿಟ್ಟು ಮುಂದೆ ಬಂದ.

"ನಾನೇ... ನಾನೇ ಅಳಿಸಿದೆ," ಎಂದ. "ಫಿಲ್ಮಿನ ಮೇಲೆ ಸಣ್ಣ ಗೀರು ಬಿದ್ದದೆ ಅಂದ್ಕೊಂಡೆ. ಇಷ್ಟು ಚೆಂದದ ಚಿತ್ರಕ್ಕೆ ಗೀರು ಇರಬಾರದು ಅಂತ ಪೆನ್ಸಿಲ್ ಹಿಡ್ಕೊಂಡು ಒಂದು ಸಂಜೆಯೆಲ್ಲ ಕೂತು ತಿದ್ದಿದೆ. ನಿಮ್ಮ ಸಾಕ್ಷಿನ ನನ್ನ ಕೈಯಾರೆ ಅಳಿಸಿ, ಆಮೇಲೆ ನಿಮ್ಮ ಮೇಲೇ ಅನುಮಾನಪಟ್ಟೆ!"

ಪುಟ್ಟಬಸಪ್ಪ ಧೊಪ್ಪನೆ ಜಗಲಿಯ ಮೇಲೆ ಕುಳಿತ. ಕೋಪವೆಲ್ಲ ಇಳಿದಿತ್ತು.

"ಅಲ್ಲ ಕಣವ್ವ, ನನ್ನ ಕೇಳಿದ್ರೆ ನಾನೇ ತೆಗೆಯಾಕಿಲ್ವಾ? ಕಳ್ಳತನ ಯಾಕೆ?"

"ಅಜ್ಜಿ ಬುಡ್ತಿತ್ತಾ?" ಅವಳು ಬಿಕ್ಕಿದಳು. "ಅವ್ವಂದು ಒಂದು ಫೋಟೋನೂ ಇಲ್ಲ. ಅವ್ವನ ಮುಖ ನಂಗೆ ಗ್ಯಾಪಕ ಇಲ್ಲ ಮಾವ! ಎಲ್ರೂ ನೀನು ಅವಳಂಗೇ ಇದ್ದೀಯ ಅಂತೀರ. ಅದಕ್ಕೇ ಅವಳ ಸೀರೆ ಉಟ್ಕೊಂಡು ಕುಂತೆ... ಅವ್ವನ ನೋಡ್ತೀನಿ ಅಂತ."

ಆ ಕಣ್ಣುಗಳಲ್ಲಿದ್ದ ಪ್ರೀತಿ ಯಾರದೆಂದು ಆಗ ಎಲ್ಲರಿಗೂ ತಿಳಿಯಿತು.

ಕರಿಬಸಮ್ಮ ಫೋಟೋ ಎತ್ತಿಕೊಂಡಳು. ಬೆಳಕಿಗೆ ಹಿಡಿದಳು. ಬಹಳ ಹೊತ್ತು ನೋಡಿದಳು.

"ಅಯ್ಯೋ ನನ್ನ ಮಗಳೇ... ಬಂದು ಕುಂತವ್ಳಲ್ಲೋ ಪುಟ್ಟಬಸಪ್ಪ! ನಾನು ಬ್ಯಾಡ ಅಂದೆ, ಅವಳ ಒಂದು ಮುಖನೂ ಉಳಿಸ್ಕಳ್ನಿಲ್ಲ..." ಎಂದು ಚಿತ್ರವನ್ನು ಎದೆಗವಚಿಕೊಂಡು ಅತ್ತಳು. ಮಗ ಅವಳನ್ನು ಮೆಲ್ಲಗೆ ಒಳಗೆ ಕರೆದುಕೊಂಡು ಹೋದ. ಹೋಗುವಾಗ ಬಾಗಿಲು ಮಾತ್ರ ತೆರೆದೇ ಇಟ್ಟ!

ತೊಟ್ಟಿಯಲ್ಲಿ ಇಬ್ಬರೇ ಉಳಿದರು.

"ನನ್ನದು ತಪ್ಪಾಯ್ತು," ಎಂದ ಅವನು. "ಕೆಂಪು ದೀಪದ ಬೆಳಕಲ್ಲಿ ನಿಮ್ಮ ಮುಖ ಮೆಲ್ಲಗೆ ಮೂಡಿ ಬಂತಲ್ಲ... ಅವತ್ತಿಂದ ನನಗೆ ಬೇರೆ ಮುಖಾನೇ ಕಾಣ್ತಿಲ್ಲ. ಆ ನೋಟ ಬೇರೆಯವನ ಪಾಲಿನದು ಅಂತ ಹೊಟ್ಟೆ ಉರಿದುಹೋಯ್ತು. ನಿಮ್ಮನ್ನ ಕೇಳೋ ಧೈರ್ಯ ಇರ್ಲಿಲ್ಲ."

"ಬೇಡ ಅನ್ನೋ ಧೈರ್ಯ ಮಾತ್ರ ಇತ್ತು!"

ಅವನು ತಲೆ ತಗ್ಗಿಸಿದ. ಅವನ ಅಪರಾಧಿ ಮುಖ ಕಂಡು ಅವಳಿಗೆ ನಗು ಬಂತು, ತಡೆದುಕೊಂಡಳು. 'ಒಂದು ಗೀರಿಗಾಗಿ ಇಡೀ ಸಂಜೆ ಕೂತನಂತೆ... ಇಂಥವನ ಮೇಲೆ ಎಷ್ಟು ಹೊತ್ತು ಮುನಿಸಿಕೊಳ್ಳುವುದು?'

"ಮಾವ ಹಾಕಿರೋ ಹೊಸ ರೀಲಲ್ಲಿ ಇನ್ನೂ ಜಾಗ ಅದೆ," ಎಂದಳು ಪಕ್ಕಕ್ಕೆ ಸರಿದು. "ಬನ್ನಿ, ಕುಂತ್ಕೊಳಿ."

ಅವನು ನಂಬಲಾರದೆ ಬಂದು ಕುಳಿತ. ಅವಳು ರೀಲು ತಿರುಗಿಸಿ ಬಂದು, ನೂಲನ್ನು ಮತ್ತೆ ಬೆರಳಿಗೆ ಸುತ್ತಿಕೊಂಡಳು.

"ಎಳೆಯೋರು ಯಾರು? ನಾನಾ?"

"ನಾನೇ. ನೀವು ಅಲ್ಲಾಡಬೇಡಿ. ಕ್ಯಾಮೆರಾ ಕಡೆ ನೋಡಿ."

"ಆಗ್ತಾ ಇಲ್ಲ ಕಣ್ರೀ..."

ಅವಳು ತಿರುಗಿದಳು. ಅವನು ಅವಳನ್ನೇ ನೋಡುತ್ತಿದ್ದ.

"ಹಂಗಾದ್ರೆ ಹಂಗೇ ಇರಿ. ಈ ಸಲ ಮಾತ್ರ ನೂಲು ಅಳಿಸ್ಬೇಡಿ," ಎಂದು ಶಾಂತಮಲ್ಲಮ್ಮ ಬೆರಳು ಮಡಚಿದಳು.