ಹಾಲು ಹಾಕದ ಬನ್ನು

ಬಾಗಿಲು ತೆಗೆದಾಗ ವೃಂದಾಳ ಕೈತುಂಬ ಹಿಟ್ಟು ಮೆತ್ತಿತ್ತು. ಹೊರಗೆ ನಿಂತವನ ಮುಖ ಕಂಡಿದ್ದೇ ತಡ, ಆ ಕೈ ಚಿಲಕದ ಮೇಲೆಯೇ ನಿಂತುಹೋಯಿತು.

ಜಯಸಿಂಹ. ಅವಳ ಗಂಡ. ಎರಡು ವರ್ಷದಿಂದ ಅವಳು ಮುಖ ನೋಡದ ಗಂಡ.

ಅವನೂ ಬೆಚ್ಚಿದ್ದ. ಕೈಯಲ್ಲಿದ್ದ ಚೀಟಿಯ ವಿಳಾಸವನ್ನು ಇನ್ನೊಮ್ಮೆ ನೋಡಿಕೊಂಡ.

"ನಮ್ಮ ಸಾಲಿ ಮೆಹನಾಜ್ ಟೀಚರ್ ಹೇಳಿದ್ರು... ಅವರ ಎದುರು ಮನ್ಯಾಗ ಯಾರೋ ಹಾಲು, ತತ್ತಿ ಹಾಕಲಾರದ ಬನ್ನು ಮಾಡ್ತಾರಂತ. ನೀನಂತ ಗೊತ್ತಿರಲಿಲ್ಲ."

"ಗೊತ್ತಿದ್ರ ಬರ್ತಿರಲಿಲ್ಲ, ಹೌದಿಲ್ಲೋ?"

ಅವನು ತಲೆ ತಗ್ಗಿಸಿದ.

'ಬನ್ನು... ನನ್ನ ಬಾಗಿಲಿಗೆ ಬಂದು ಇವರು ಬನ್ನು ಕೇಳುತ್ತಿದ್ದಾರೆ...' ವೃಂದಾಳ ಎದೆಯಲ್ಲಿ ಹಳೆಯ ಬೆಂಕಿ ಮತ್ತೆ ಹೊತ್ತಿಕೊಂಡಿತು.

"ಅವತ್ತು ಎಲ್ಲಿಂದ ತಂದಿದ್ರಿ? ಅದ ಬೇಕರಿಗೆ ಹೋಗ್ರಿ."

ಆದರೂ ಅವನು ಅಲ್ಲಿಂದ ಕದಲಲಿಲ್ಲ.

"ನನಗಲ್ಲ ವೃಂದಾ. ಅರಕೇರಾದ ನಮ್ಮ ಸಾಲ್ಯಾಗ ಒಂದು ಹುಡುಗಿ ಅದಾಳ, ಸೌಭಾಗ್ಯ ಅಂತ. ಆರು ವರ್ಷದಾಕಿ. ಬಿಸಿಯೂಟ ಮಾಡೋ ಪಕೀರಮ್ಮನ ಮಗಳು. ಆಕಿಗೂ... ಹಾಲು ಆಗೂದಿಲ್ಲ. ಎಲ್ಲಾ ಮಕ್ಕಳೂ ಲೋಟ ಹಿಡಕೊಂಡು ಹಾಲಿಗೆ ನಿಂತ್ರ, ಈಕಿ ಒಬ್ಬಾಕಿನ ಕಟ್ಟಿ ಮ್ಯಾಲ ಕುಂತಿರ್ತಾಳ."

ಆಕಿಗೂ... ಆ ಒಂದು ಮಾತು ವೃಂದಾಳ ಸಿಟ್ಟನ್ನು ತಡೆದು ನಿಲ್ಲಿಸಿತು.

ಅವಳು ಒಳಗೆ ಹೋಗಿ ಬೆಳಿಗ್ಗೆ ಬೇಯಿಸಿದ ಆರು ಬನ್ನುಗಳನ್ನು ಡಬ್ಬಿಗೆ ಹಾಕಿ ತಂದು ಅವನ ಕೈಗಿಟ್ಟಳು. ಬಾಗಿಲು ಹಾಕಿಕೊಂಡಳು. ಆಮೇಲೆ ಆ ಬಾಗಿಲಿಗೇ ಒರಗಿ ನೆಲದ ಮೇಲೆ ಕುಳಿತಳು.

ಅವರ ಮಗಳು ವೇದಶ್ರೀಗೆ ಹಾಲು ಆಗುತ್ತಿರಲಿಲ್ಲ. ಒಂದು ಹನಿ ನಾಲಿಗೆಗೆ ತಾಕಿದರೆ ಸಾಕು, ತುಟಿ ಊದಿ ಉಸಿರು ಕಟ್ಟುತ್ತಿತ್ತು. ಅದಕ್ಕೇ ವೃಂದಾ ಮನೆಯಲ್ಲೇ ಬನ್ನು ಮಾಡುವುದನ್ನು ಕಲಿತಿದ್ದಳು. ಹಾಲಿನ ಬದಲು ಬಿಸಿನೀರು, ಬೆಣ್ಣೆಯ ಬದಲು ಎಣ್ಣೆ, ತತ್ತಿಯ ಬದಲು ಕಿವುಚಿದ ಬಾಳೆಹಣ್ಣು. ಒಳಗೆ ಒಣದ್ರಾಕ್ಷಿ, ಖರ್ಜೂರದ ಚೂರು. ಪ್ರತಿ ಭಾನುವಾರ ಅಪ್ಪ, ಮಗಳು ಇಬ್ಬರೂ ಒಲೆಯ ಮುಂದೆ ಕುಳಿತು ಕಾಯುತ್ತಿದ್ದರು.

ಮಗಳಿಗೆ ಐದು ತುಂಬಿದ ವರ್ಷ ಮಾನ್ವಿಯಲ್ಲಿ ವೃಂದಾಳ ತಾಯಿ ಅನಸೂಯಾಬಾಯಿಯ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಆವತ್ತು ವೃಂದಾಳಿಗೆ ಬನ್ನು ಮಾಡಲು ಬಿಡುವಾಗಲಿಲ್ಲ. ಜಯಸಿಂಹ ದಾರಿಯಲ್ಲಿ ಬೇಕರಿಯವನನ್ನು ಎರಡೆರಡು ಸಲ ಕೇಳಿ, ಹಾಲಿಲ್ಲದ ಬನ್ನು ಕಟ್ಟಿಸಿಕೊಂಡು ಬಂದ. ಮಗು ತಿಂದಿತು. ಅರ್ಧ ಗಂಟೆಯೊಳಗೆ ಉಸಿರಿಗಾಗಿ ಒದ್ದಾಡತೊಡಗಿತು. ಅದನ್ನು ತೊಡೆಯ ಮೇಲೆ ಹಾಕಿಕೊಂಡು ರಾಯಚೂರಿಗೆ ಧಾವಿಸಿದರು. ಕಾರು ಕಲ್ಲೂರು ದಾಟುವಷ್ಟರಲ್ಲಿ ವೇದಶ್ರೀಯ ಕೈ ವೃಂದಾಳ ಕೈಯಲ್ಲೇ ತಣ್ಣಗಾಗಿತ್ತು.

"ನೀವ ಕೊಂದ್ರಿ ನನ್ನ ಮಗಳನ್ನ."

ಹದಿನಾಲ್ಕನೆಯ ದಿನ ವೃಂದಾ ಎಲ್ಲರೆದುರು ಹಾಗೆಂದಳು. ಜಯಸಿಂಹ ಇಲ್ಲ ಎನ್ನಲಿಲ್ಲ. ಮರುವಾರ ಬಟ್ಟೆ ತುಂಬಿಕೊಂಡು, ತಾನು ಪಾಠ ಮಾಡುವ ಶಾಲೆಗೆ ಹತ್ತಿರವೆಂದು ದೇವದುರ್ಗಕ್ಕೆ ಹೋಗಿ ಒಂದು ಕೋಣೆ ಹಿಡಿದ. ವೃಂದಾ ಮೂವರೂ ಇದ್ದ ಮನೆಯನ್ನು ಬಿಟ್ಟು, ರಾಯಚೂರಿನಲ್ಲೇ ಬೇರೊಂದು ಮನೆಗೆ ತಾಯಿಯನ್ನು ಕರೆಸಿಕೊಂಡಳು. ವರ್ಷವಿಡೀ ಹಿಟ್ಟು ಮುಟ್ಟಲಿಲ್ಲ. ಆಮೇಲೆ ಒಂದು ಭಾನುವಾರ ಯಾಕೋ ಕೈ ತಾನಾಗಿಯೇ ಹಿಟ್ಟು ಕಲೆಸಿತು. ಬೆಂದ ಬನ್ನುಗಳನ್ನು ಎದುರು ಮನೆಯ ಮಕ್ಕಳಿಗೆ ಕೊಟ್ಟು ಬಂದು ಸಂಜೆಯವರೆಗೂ ಅತ್ತಿದ್ದಳು.

ಆರು ಬನ್ನು ಕೊಟ್ಟು ಕಳಿಸಿದ ಮುಂದಿನ ಭಾನುವಾರ ಜಯಸಿಂಹ ಖಾಲಿ ಡಬ್ಬಿ ಹಿಡಿದು ಮತ್ತೆ ಬಂದ.

"ಎರಡು ತಿಂದಳು. ಒಂದು ಅವರವ್ವಗ ಇಟ್ಟಳು. ಉಳಿದದ್ದು ಸಾಲ್ಯಾಗ ಎಲ್ಲಾರಿಗೂ ತೋರಿಸಿಕೋತ ತಿರಗಿದಳು," ಎಂದ. "ಪ್ರತಿ ವಾರ ನಿನಗ ತ್ರಾಸು ಕೊಡೂದಿಲ್ಲ. ನನಗ ಕಲಿಸಿಬಿಡು. ನಾನ ಮಾಡಿಕೊಡ್ತೀನಿ."

ವೃಂದಾ ಅವನ ಕೈಯಿಂದ ಖಾಲಿ ಡಬ್ಬಿ ತೆಗೆದುಕೊಂಡಳು. ಆಮೇಲೆ ದಾರಿ ಬಿಟ್ಟು ಸರಿದು ನಿಂತಳು.

"ಕೈ ತೊಳಕೊಂಡು ಬರ್ರಿ."

ಬೆಚ್ಚನೆಯ ನೀರಿಗೆ ಬೆಲ್ಲ, ಯೀಸ್ಟ್ ಹಾಕಿ ನೊರೆ ಬರುವವರೆಗೆ ಇಬ್ಬರೂ ಅದನ್ನೇ ನೋಡುತ್ತ ಕುಳಿತರು. ಅವನು ಹಿಟ್ಟು ನಾದತೊಡಗಿದ. ಹಿಟ್ಟು ಬೆರಳಿಗೆ ಅಂಟುತ್ತಿತ್ತು.

"ಅಂಟಾಕತ್ತದಲ್ಲ, ಇನ್ನಷ್ಟು ಹಿಟ್ಟು ಹಾಕ್ಲೇನು?"

"ಬ್ಯಾಡ. ಗಟ್ಟಿ ಆಗತಾವ. ಎಣ್ಣಿ ಮುಟ್ಟಿಸಿಕೊಂಡು ನಾದ್ರಿ. ಮೆತ್ತಗ."

ಅವನ ಕೂದಲು ಎಷ್ಟೊಂದು ಬೆಳ್ಳಗಾಗಿದೆ ಎಂದು ಅವಳಿಗೆ ಆಗ ಕಂಡಿತು. ಕಂಡದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಒಳಗಿನ ಕೋಣೆಯಿಂದ ಅನಸೂಯಾಬಾಯಿ ಬಂದದ್ದು ಆಗ. ಅಳಿಯ ಹಿಟ್ಟಿನ ಪರಾತದ ಮುಂದೆ ಬಗ್ಗಿ ಕುಳಿತಿದ್ದನ್ನು ನೋಡಿ ಅವರು ಗೋಡೆ ಹಿಡಿದುಕೊಂಡರು.

"ಸಾಕು... ಇನ್ನ ನನ್ನ ಕೈಲೆ ಆಗೂದಿಲ್ಲ."

"ಅತ್ತಿ, ನೀವು ಒಳಗ ಹೋಗ್ರಿ," ಎಂದ ಜಯಸಿಂಹ, ಆತುರದಿಂದ.

"ಇಲ್ಲಪ್ಪ. ಎರಡು ವರ್ಷ ಸುಮ್ಮನಿದ್ದೆ." ಅವರು ಮಗಳ ಕಡೆ ತಿರುಗಿದರು. "ವೃಂದಾ, ಇವರ ಬನ್ನಿಂದಲ್ಲ. ನನ್ನಿಂದ. ಪೂಜಿ ಆದಮ್ಯಾಲ ಎಲ್ಲಾ ಮಕ್ಕಳೂ ಪಂಚಾಮೃತಕ್ಕ ಕೈ ಒಡ್ಡಿದ್ರು. ವೇದಾನೂ ಒಡ್ಡಿದಳು. 'ಅಜ್ಜಿ, ನನಗ?' ಅಂದ್ಲು. ದೇವರದು, ಒಂದು ಚಮಚಿ... ಅದರಿಂದ ಏನಾದೀತು ಅಂತ ನಾನ ಆಕಿ ಕೈಗೆ ಹಾಕಿದೆ."

ವೃಂದಾಳಿಗೆ ಅದೆಲ್ಲ ಕಣ್ಣಿಗೆ ಕಟ್ಟಿದಂತೆ ಕಂಡಿತು. ಹಾಲು, ಮೊಸರು, ತುಪ್ಪ... ಆ ಪುಟ್ಟ ಅಂಗೈ...

"ಇವರಿಗೆ ಗೊತ್ತಿತ್ತೇನು?" ಎಂದು ತಾಯಿಯನ್ನೇ ಕೇಳಿದಳು.

"ಹದಿಮೂರನೇ ದಿನ ಹೇಳಿದ್ದೆ. ವೃಂದಾಗ ಹೇಳಬ್ಯಾಡ್ರಿ ಅಂತ ಇವರ ಅಂದ್ರು. ನನಗೂ ಧೈರ್ಯ ಇರಲಿಲ್ಲ. ಸುಮ್ಮನಾದೆ."

ವೃಂದಾ ಜಯಸಿಂಹನನ್ನು ನೋಡಿದಳು. ಅವನು ಹಿಟ್ಟಿನಿಂದ ಕೈ ತೆಗೆಯಲೂ ಮರೆತು ಕುಳಿತಿದ್ದ.

"ಇಬ್ಬರೂ ಕೂಡಿ ನನ್ನನ್ನ ಹುಚ್ಚಿ ಮಾಡಿದ್ರಿ," ಎಂದಳು ಸಣ್ಣ ದನಿಯಲ್ಲಿ. "ಹೋಗ್ರಿ. ಇಲ್ಲಿಂದ ಹೋಗ್ರಿ."

ಅವನು ಹೋದ. ಹಿಟ್ಟು ಪರಾತದಲ್ಲೇ ಉಬ್ಬಿ, ಹುಳಿಯಾಗಿ, ಸಂಜೆಗೆ ಕುಸಿಯಿತು.

ಆ ವಾರ ವೃಂದಾ ತಾಯಿಯೊಂದಿಗೆ ಮಾತಾಡಲಿಲ್ಲ. ತಟ್ಟೆ ಮುಂದಿಟ್ಟು ಎದ್ದುಹೋಗುತ್ತಿದ್ದಳು. ಅನಸೂಯಾಬಾಯಿ ಎರಡು ತುತ್ತು ಕಲೆಸಿ ಹಾಗೇ ಬಿಡುತ್ತಿದ್ದರು. ಸಿಟ್ಟು ಎಷ್ಟು ಉರಿದರೂ ಒಂದು ನೆನಪು ಮಾತ್ರ ವೃಂದಾಳನ್ನು ಬಿಡಲಿಲ್ಲ. ಪೂಜೆಯ ದಿನ ಬಂದವರನ್ನು ಮಾತಾಡಿಸುವ ಗಡಿಬಿಡಿಯಲ್ಲಿ, "ಅವ್ವಾ, ಕೂಸಿನ್ನ ಸ್ವಲ್ಪ ನೋಡ್ಕೋ," ಎಂದು ಹೇಳಿ ಹೋದವಳು ತಾನೇ. ಹಾಲಿನ ವಿಷಯವನ್ನು ತಾಯಿ ಪೂರ್ತಿ ನಂಬಿಲ್ಲ ಎಂದು ಗೊತ್ತಿದ್ದೂ ಹೇಳಿ ಹೋಗಿದ್ದಳು.

ಶನಿವಾರ ನಸುಕಿನಲ್ಲೇ ಎದ್ದು ಹನ್ನೆರಡು ಬನ್ನು ಬೇಯಿಸಿದಳು. ದೇವದುರ್ಗದಲ್ಲಿ ಬಸ್ಸು ಬದಲಿಸಿ ಅರಕೇರಾದಲ್ಲಿ ಇಳಿದಾಗ ಶಾಲೆ ಬಿಡುವ ಹೊತ್ತಾಗಿತ್ತು.

ಬಿಸಿಯೂಟದ ಕೋಣೆಯ ಮುಂದೆ ಪಕೀರಮ್ಮ ಪಾತ್ರೆ ತೊಳೆಯುತ್ತಿದ್ದಳು. ಪಕ್ಕದಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ನಿಂತಿದ್ದಳು. ವೃಂದಾ ಮಂಡಿಯೂರಿ ಕುಳಿತು ಡಬ್ಬಿ ತೆರೆದಳು.

ಸೌಭಾಗ್ಯ ಕೈ ಚಾಚಲಿಲ್ಲ. ಮೊದಲು ಅವಳ ಮುಖ ನೋಡಿ ಕೇಳಿದಳು, "ಇದರಾಗ ಹಾಲು ಹಾಕೀರೇನ್ರಿ?"

'ಹೀಗೆ ಕೇಳಬೇಕು ಎಂದು ನನ್ನ ವೇದಾಳಿಗೆ ಕಲಿಸಲಿಲ್ಲವಲ್ಲ...'

"ಇಲ್ಲವ್ವ," ಎಂದಳು ವೃಂದಾ. "ನಾನ ಮಾಡೀನಿ. ತಿನ್ನು."

ಹುಡುಗಿ ಮೊದಲು ದ್ರಾಕ್ಷಿಗಳನ್ನೆಲ್ಲ ಹೆಕ್ಕಿ ತಿಂದಳು. ವೃಂದಾ ಅಲ್ಲಿರಲಾರದೆ ಎದ್ದು ಬೇವಿನ ಮರದ ಕೆಳಗೆ ಹೋಗಿ ನಿಂತಳು. ಸ್ವಲ್ಪ ಹೊತ್ತಿಗೆ ಜಯಸಿಂಹ ಬಂದು ದೂರದಲ್ಲೇ ನಿಂತ.

"ಯಾಕ ಹೇಳಲಿಲ್ಲ?"

"ಅತ್ತಿ ಹೇಳಿದಮ್ಯಾಲ ಬೇಕರಿಗೆ ಹೋಗಿ ಮತ್ತ ಕೇಳಿದೆ. ಅದರಾಗ ಹಾಲಿರಲಿಲ್ಲ. ನಿನಗ ಹೇಳಬೇಕಂತನ ಮನಿಗೆ ಬಂದೆ." ಅವನು ನಿಧಾನವಾಗಿ ಹೇಳಿದ. "ನೀನು ಅತ್ತಿ ತೊಡಿ ಮ್ಯಾಲ ತಲಿ ಇಟ್ಟು ಮಲಗಿದ್ದಿ. ಎಷ್ಟೋ ದಿನದ ಮ್ಯಾಲ ನಿದ್ದಿ ಹತ್ತಿತ್ತು ನಿನಗ. ಮಗಳು ಹೋದಳು. ಇನ್ನ ತಾಯಿನೂ ಹೋಗಬಾರದು ಅನ್ನಿಸ್ತು."

"ಗಂಡ ಹೋದ್ರ ನಡೀತದೇನು?"

ಅವನು ಕಾಲಡಿಯ ಬೇವಿನ ಎಲೆಗಳನ್ನು ನೋಡುತ್ತ ನಿಂತ.

"ಕೊಂದ್ರಿ ಅಂದೆ ನಿಮಗ. ಎಲ್ಲಾರ ಮುಂದ. ನೋವಾಗಲಿಲ್ಲೇನು?"

"ಆತು. ಬಾಳ ಆತು."

ವೃಂದಾ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅವನು ಹತ್ತಿರ ಬಂದ. ಮುಟ್ಟಲೋ ಬೇಡವೋ ಎಂದು ಕೈ ಅರ್ಧಕ್ಕೇ ನಿಲ್ಲಿಸಿದ. ಅವಳೇ ಆ ಕೈ ಹಿಡಿದುಕೊಂಡಳು.

"ಸಂಜಿ ಬಸ್ಸಿಗೆ ಹೋಗ್ತೀಯೇನು?" ಎಂದು ಕೇಳಿದ.

"ಹೋಗಬೇಕು. ಅವ್ವ ಒಬ್ಬಾಕಿನ ಅದಾಳ. ವಾರದಿಂದ ಸರಿಯಾಗಿ ಉಂಡಿಲ್ಲ."

"ಮಾತಾಡಸ್ತೀಯೇನು?"

"ಎಲ್ಲಾ ಮರತು ಮಾತಾಡಲಿಕ್ಕೆ ಇನ್ನ ಆಗೂದಿಲ್ಲ. ಉಣ್ಣು ಅಂತ ಹೇಳ್ತೀನಿ. ಇವತ್ತಿಗೆ ಅಷ್ಟ." ಅವಳು ಅವನ ಕೈ ಬಿಡದೆ ಹೇಳಿದಳು, "ನೀವೂ ಬರ್ರಿ."

"ಎಷ್ಟು ದಿನಕ್ಕ ವೃಂದಾ?"

"ಅರಿವಿ-ಬಟ್ಟಿ ಎಲ್ಲಾ ತಗೊಂಡ ಬರ್ರಿ."

ಮಗಳನ್ನು ಮಣ್ಣು ಮಾಡಿದ ದಿನವೂ ಅಳದಿದ್ದ ಗಂಡಸು ಮರಕ್ಕೆ ಹಣೆಯೊತ್ತಿ ಬಿಕ್ಕತೊಡಗಿದ.

"ನಿನ್ನ ಮುಂದ ಒಮ್ಮೆನೂ ಅತ್ತಿರಲಿಲ್ಲ ನಾ..."

"ಗೊತ್ತದ," ಎಂದಳು ವೃಂದಾ, ಅವನ ಬೆನ್ನ ಮೇಲೆ ಕೈಯಿಟ್ಟು. "ಈಗ ಅಳ್ರಿ. ನಾನೂ ಅಳತೀನಿ. ಬಸ್ಸಿಗೆ ಇನ್ನ ಹೊತ್ತದ."