ಬಾಯಿಗಿಟ್ಟ ಹತ್ತಿ

“ಆ ಮುದುಕಿ ಕೊಡೋ ಹತ್ತಿ ಮುಟ್ಟಬೇಡಿ ಧಣಿ. ಆಣೆ ಮಾಡ್ಲೇಬೇಕಂದ್ರೆ ಬೈಬಲ್ ಮೇಲೆ ಮಾಡಿ ಸಾಕು,” ಎಂದು ದುಭಾಷಿ ತನ್ನೂಸ್, ಖಾಜಿಯ ನ್ಯಾಯದ ಚಾವಡಿಯ ಮೆಟ್ಟಿಲಲ್ಲೇ ತಡೆದು ಹೇಳಿದ.

ಎಸ್ಪ್ರಿ ಗಾರ್ಸೆನ್ ನಕ್ಕ. ಹತ್ತಿ ಖರೀದಿಗೆಂದು ಮಾರ್ಸೇಲಿನಿಂದ ಲಾರ್ನಕಾ ಬಂದರಿಗೆ ಬಂದಿಳಿದು ಅವನಿಗೆ ಇನ್ನೂ ಒಂದು ಬೇಸಿಗೆ ಕಳೆದಿರಲಿಲ್ಲ. ಅಷ್ಟರಲ್ಲೇ ಈ ಸೈಪ್ರಸ್ ದ್ವೀಪದ ನೀರು, ರೊಟ್ಟಿ, ಪಾದ್ರಿಗಳು, ನೊಣಗಳು ಎಲ್ಲದರ ಮೇಲೂ ಅವನಿಗೆ ಒಂದೇ ಸಮನಾದ ತಾತ್ಸಾರ.

“ಮೇಕೆ ಕೆಮ್ಮಿದ್ರೂ ಮಾಟ ಅನ್ನೋ ಜನ ನೀವು,” ಎಂದು ಅವನ ಹೆಗಲು ತಟ್ಟಿ ಒಳಗೆ ಹೋದ.

ವ್ಯಾಜ್ಯ ಹತ್ತಿಯದ್ದೇ. ಕಪ್ತಾನ ಜಾಕೋನ ದೋಣಿಯಲ್ಲಿ ದ್ವೀಪದ ಇನ್ನೊಂದು ಬಂದರು ಲಿಮಸೋಲಿನಿಂದ ಬಂದ ಹತ್ತಿಯ ಅಂಡಿಗೆಗಳು ಒಳಗೊಳಗೇ ಕೊಳೆತು ಬೆಚ್ಚಗಾಗಿದ್ದವು. ಮಾರ್ಸೇಲಿಗೆ ಹೊರಟಿದ್ದ ಹಡಗಿನವರು ಮೂಗು ಮುಚ್ಚಿಕೊಂಡು ಅವನ್ನು ಹಿಂದಕ್ಕೆ ತಳ್ಳಿದ್ದರು. ಮಾರ್ಸೇಲಿನ ತನ್ನ ಯಜಮಾನರಿಗೆ ತೂಕ ಹೆಚ್ಚಾಗಿ ತೋರಿಸಲು ಹತ್ತಿಗೆ ನೀರು ಹೊಡೆದವನು ಗಾರ್ಸೆನ್‌ನೇ. ಲಿಮಸೋಲಿನ ಮಳಿಗೆಯಲ್ಲಿ, ಬಾಗಿಲು ಹಾಕಿಕೊಂಡು. ಈಗ ಅವನ ಮಾತೇ ಬೇರೆ. ದೋಣಿಯ ಹಲಗೆ ಬಿಟ್ಟು ಸಮುದ್ರದ ನೀರು ನುಗ್ಗಿತು, ತಪ್ಪೆಲ್ಲ ಕಪ್ತಾನನದು ಎಂದು ಅವನ ದೂರು.

ಖಾಜಿ ಆಣೆ ಕೇಳಿದ. ಆಗ ಜಾಕೋನ ತಾಯಿ ಖರಿತೂ ಎದ್ದು ಬಂದಳು. ಹೊಗೆ ಹಿಡಿದ ಕರಿಬಟ್ಟೆ, ಮೈಯಿಂದ ಹಳೇ ಎಣ್ಣೆಯ ಕಮಟು. ಅಂಡಿಗೆಯಿಂದ ಒಂದು ಚಿಟಿಕೆ ಹತ್ತಿ ಕಿತ್ತು, ಬೆರಳಲ್ಲೇ ಹೊಸೆದು, ಗಂಟು ಹಾಕಿ, ಆ ಗಂಟಿನೊಳಕ್ಕೆ ತುಟಿಯಿಟ್ಟು ಏನೋ ಉಸುರಿದಳು. ಇದರ ಮೇಲೆ ಕೈಯಿಟ್ಟು ಹೇಳಲಿ ಎಂದಳು.

ಗಾರ್ಸೆನ್ ಕೈಯಿಡಲಿಲ್ಲ. ನೆರೆದವರೆಲ್ಲ ನೋಡುತ್ತಿರಲು ಆ ಗಂಟನ್ನು ಎತ್ತಿ, ಸಿಹಿತಿಂಡಿಯಂತೆ ನಾಲಗೆಯ ಮೇಲಿಟ್ಟುಕೊಂಡ. ಹಾಗೆಯೇ ತೊದಲುತ್ತಾ ಸುಳ್ಳಾಣೆ ಮುಗಿಸಿದ. ಆಮೇಲೆ ಅದನ್ನು ಮುದುಕಿಯ ಕಾಲಬುಡಕ್ಕೆ ಉಗುಳಿದ.

ಅವಳು ಬಗ್ಗಿ ಅದನ್ನು ಹುಡುಕಿದಳು. ನೆಲದ ಮೇಲೆ ಬರೀ ಎಂಜಲಿತ್ತು.

ಜಾಕೋನನ್ನು ಸೆರೆಗೆ ಎಳೆದೊಯ್ದರು. ದೋಣಿಯನ್ನು ಹರಾಜಿಗಿಟ್ಟರು.

ಮಧ್ಯಾಹ್ನ ಊಟಕ್ಕೆ ಕೂತಾಗ ಗಾರ್ಸೆನ್‌ಗೆ ಬಾಯಾರಿತು. ನೀರು ಕುಡಿದ. ನೀರು ಗಂಟಲಲ್ಲಿ ಇಳಿಯಿತು. ಬಾಯಿ ಮಾತ್ರ ನೆನೆಯಲಿಲ್ಲ. ದ್ರಾಕ್ಷಾರಸ ಕುಡಿದ. ಅದೂ ಅಷ್ಟೆ. ಉಸಿರು ಬಿಟ್ಟರೆ ಮುಗ್ಗುಲು ವಾಸನೆ, ಬಾಗಿಲು ಹಾಕಿದ ಆ ಮಳಿಗೆಯ ವಾಸನೆ. ಊರಂಚಿನ ಉಪ್ಪಿನ ಕೆರೆಯ ಮೇಲಿನ ಬಿಸಿಲು ಕಿಟಕಿಯ ಸಂದಿನಲ್ಲಿ ಚುಚ್ಚುತ್ತಿತ್ತು. ಅವನು ಬಾಗಿಲು ಮುಚ್ಚಿ, ಕತ್ತಲು ಮಾಡಿಕೊಂಡು ಮಲಗಿದ. ಕಿವಿಯೊಳಗೆ ಸಣ್ಣ ಸದ್ದು. ಯಾರೋ ನೂಲುವ ಸದ್ದು. ಅದು ಹೊರಗಿನಿಂದ ಬರುತ್ತಿರಲಿಲ್ಲ.

ನಾಲಗೆಯಡಿ ಏನೋ ತಗುಲಿತು. ಎಳೆದ. ಒಂದೆಳೆ ಬಂತು. ಮತ್ತೆ ಎಳೆದ. ಬಂತು. ತುಂಡಾಗಲಿಲ್ಲ. ಎಳೆದಷ್ಟೂ ಹೊಟ್ಟೆಯ ತಳದಲ್ಲಿ ಏನೋ ಕಳಚಿಕೊಳ್ಳುತ್ತಿತ್ತು. ಬೆರಳಿಗೆ ಸುತ್ತಿದ. ಅಂಗೈಗೆ ಸುತ್ತಿದ. ಬಿಳಿ ಎಳೆ. ಬೆಚ್ಚಗಿನ ಎಳೆ. ಕೂಗಬೇಕೆಂದ. ಗಂಟಲು ತುಂಬಿತ್ತು. ಉಸಿರಿಲ್ಲ. ಎಳೆದ. ಉಸಿರು. ಮತ್ತೆ ತುಂಬಿತು.

ಆಗಲೂ ಅವನು ಹೆದರಿದ್ದು ಸಾವಿಗೆ, ಪಾಪಕ್ಕಲ್ಲ. ಬಿದ್ದು ಎದ್ದು ಚಾವಡಿಗೆ ಓಡಿದ. ಒಂದು ಕೈಯಲ್ಲಿ ಬಾಯಿಂದ ಹತ್ತಿ ಕೀಳುತ್ತಾ, ಮಧ್ಯೆ ಸಿಕ್ಕಷ್ಟು ಉಸಿರಿನಲ್ಲಿ ನಿಜ ಹೇಳಿದ. ನೀರು ಹೊಡೆದದ್ದು ತಾನು, ದೋಣಿಯಲ್ಲಿ ಹನಿಯೂ ಸೋರಿಲ್ಲ ಎಂದ. ತನ್ನೂಸ್ ಗೋಡೆಗೆ ಒರಗಿ ನಿಂತೇ ಒಂದೊಂದೇ ಮಾತನ್ನು ತುರ್ಕಿಗೆ ತಿರುಗಿಸಿದ. ಖಾಜಿ ಅಲ್ಲಿಯೇ ಜಾಕೋನನ್ನು ಬಿಡಿಸಿದ, ಹರಾಜು ನಿಲ್ಲಿಸಿದ. ಗಾರ್ಸೆನ್‌ನನ್ನು ಹಿಡಿಯಿರಿ ಎಂದರೆ ಕಾವಲುಗಾರರು ಹತ್ತಿರ ಬರಲೊಲ್ಲರು.

ಅವನು ನೇರವಾಗಿ ಖರಿತೂಳ ಮನೆಗೆ ಬಂದ. ಅವಳು ಅಂಗಳದ ಒಲೆಯಿಂದ ರೊಟ್ಟಿ ತೆಗೆಯುತ್ತಿದ್ದಳು.

“ನಿನ್ನ ಮಗನ್ನ ಬಿಡ್ಸಿದೀನಲ್ಲ. ಬಿಚ್ಚು ಇದನ್ನ, ಮುದಿ ಕತ್ತೆ,” ಎಂದು ಗೊರಗೊರ ಎಂದ. ಹಿಂದೆಯೇ ಬಂದಿದ್ದ ತನ್ನೂಸ್ ಬೈಗುಳ ಬಿಟ್ಟು ಉಳಿದದ್ದನ್ನು ಅವಳ ಭಾಷೆಯಲ್ಲಿ ಹೇಳಿದ.

ಖರಿತೂ ಹಿಟ್ಟಿನ ಕೈ ಒರೆಸಿಕೊಂಡಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

“ನನ್ನ ಮಗನ್ನ ಬಿಟ್ರು, ಒಳ್ಳೇದಾಯ್ತಪ್ಪ. ಆದ್ರೆ ನಮ್ಮವ್ವ ನನಗೆ ಗಂಟು ಹಾಕೋದಷ್ಟೇ ಕಲಿಸಿದ್ಲು. ಬಿಚ್ಚೋದು ಕಲಿಸೋ ಮುಂಚೆ ಸತ್ತೋದ್ಲು.”

ಅವನು ಅವಳ ತೋಳು ಹಿಡಿದು ಅಲುಗಾಡಿಸಿದ.

“ಬಿಚ್ಚೋಕೆ ಬಂದಿದ್ರೆ ಮೊದಲು ನನ್ನ ಗಂಡನ ಗಂಟು ಬಿಚ್ತಿರ್ಲಿಲ್ವಾ?” ಎಂದಳು ಅವಳು. “ಚಿಕ್ಕ ವಯಸ್ಸು. ಏನೋ ಜಗಳ. ಹಾಕಿಬಿಟ್ಟೆ.”

ಅವಳ ಕಣ್ಣು ಹೋದತ್ತ ಅವನೂ ನೋಡಿದ. ಅಂಜೂರದ ಮರದಡಿ, ಕಲ್ಲುಬೆಂಚಿನ ಮೇಲೆ ಒಣಗಿದ ಮುದುಕನೊಬ್ಬ ಕೂತಿದ್ದ. ತುಟಿಯ ನಡುವಿನಿಂದ ಎಳೆ ಎಳೆಯಾಗಿ ಬಿಳಿ ಹತ್ತಿ ತೆಗೆದು, ಪಕ್ಕದ ಬುಟ್ಟಿಗೆ ಒಟ್ಟುತ್ತಿದ್ದ. ಅವಸರವಿಲ್ಲದ, ಬಹಳ ಕಾಲದ ಅಭ್ಯಾಸದ ಕೈ. ಬುಟ್ಟಿಯ ಪಕ್ಕದಲ್ಲಿ ಖರಿತೂಳ ನೂಲುವ ಕದಿರು ಇತ್ತು.

ಮುದುಕ ತಲೆಯೆತ್ತಿ ಗಾರ್ಸೆನ್‌ನ ಬಾಯಿ ನೋಡಿದ. ಆಮೇಲೆ ಬುಟ್ಟಿಯನ್ನು ಕೆಳಗಿಟ್ಟು, ಬೆಂಚಿನ ಮೇಲೆ ಒಂದಿಷ್ಟು ಸರಿದು ಜಾಗ ಮಾಡಿಕೊಟ್ಟ.